ಸ್ಕ್ಯಾನರಿನಿಂದ ಬಂದರೇ ತೀರ್ಥ

ಕಾರಿನ ಹಿಂದಿನ ವೈಪರ್ ಕೆಟ್ಟಿದೆ ಎಂದು ಕಂಪನಿ ಸರ್ವಿಸ್ ಸೆಂಟರಿಗೆ ಹೊರಟವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ಅದು ಕೆಟ್ಟಿದೆಯೋ ಇಲ್ಲವೋ ಎಂದು ತೀರ್ಮಾನಿಸುವ ಅಧಿಕಾರ ನಿಮಗಿಲ್ಲ. ಸ್ವಿಚ್ ತಿರುಗಿಸಿದರೆ ವೈಪರ್ ಕಮಕ್ ಕಿಮಕ್ ಅನ್ನುವುದಿಲ್ಲ, ನಿಜ. ನೀವು ನೋಡಿದ್ದೀರಿ, ಮನೆಯವರು ನೋಡಿದ್ದಾರೆ, ಹಿಂದಿನ ಸೀಟಿನ ಮಗುವೂ ನೋಡಿದೆ. ಆದರೆ ಲ್ಯಾಪ್‌ಟಾಪ್ ನೋಡಿಲ್ಲವಲ್ಲ!

ಕೊರಳಿಗೆ ಐಡಿ ಕಾರ್ಡು, ಕೈಯಲ್ಲಿ ಟ್ಯಾಬು ಹಿಡಿದ ಅಡ್ವೈಸರ್ ಬರುತ್ತಾರೆ. ಮೊದಲು ಕಾರಿಗೆ ಒಂದು ಪ್ರದಕ್ಷಿಣೆ, ಹಳೆಯ ಗೀರುಗಳಿಗೆಲ್ಲ ಫೋಟೊ ಸೇವೆ. ಆಮೇಲೆ ಸ್ಟೀರಿಂಗ್ ಕೆಳಗಿನ ಕಿಂಡಿಗೆ, ಕಾರಿನ ಕಂಪ್ಯೂಟರು ಬರೆದಿಟ್ಟ ದೋಷಗಳನ್ನು ಓದುವ ಸ್ಕ್ಯಾನರ್ ಸಿಕ್ಕಿಸಿ, ಲ್ಯಾಪ್‌ಟಾಪ್ ಪರದೆ ದಿಟ್ಟಿಸಿ ಹೇಳುತ್ತಾರೆ:

"ಸಾರ್, ಯಾವ ಫಾಲ್ಟೂ ತೋರಿಸ್ತಿಲ್ಲ."

"ಮತ್ತೆ ವೈಪರ್ ಆಡ್ತಿಲ್ಲವಲ್ಲಪ್ಪ?"

"ಹೌದು ಸಾರ್, ಆಡ್ತಿಲ್ಲ. ಆದ್ರೆ ಫಾಲ್ಟ್ ಇಲ್ಲ."

ಕಂಡದ್ದೆಲ್ಲ ಮಿಥ್ಯೆ ಎಂದು ತಿಳಿಯಲು ಹಿಂದಿನವರು ಕಾಶಿಗೆ ಹೋಗುತ್ತಿದ್ದರು. ಈಗ ರಿಂಗ್ ರೋಡಿನಲ್ಲೇ ಸಿಗುತ್ತದೆ, ಎಸಿ ಹಾಲ್, ಕಾಫಿ ಸಮೇತ.

ಹಿಂದಿನ ಗಾಜಿನ ಸಮೇತ ಡಿಕ್ಕಿ ಬಾಗಿಲು ಮೇಲೇಳುವ ಎಷ್ಟೋ ಹ್ಯಾಚ್‌ಬ್ಯಾಕ್ ಕಾರುಗಳಲ್ಲಿ ಹಿಂದಿನ ವೈಪರ್ ಎಂದರೆ ಒಂದು ಫ್ಯೂಸು, ಒಂದು ಸ್ವಿಚ್ಚು, ಒಂದಷ್ಟು ವೈರು, ಒಂದು ಮೋಟರು, ಕಾರಿನ ಲೋಹದ ಮೈಗೆ ಕೊಟ್ಟ ಅರ್ತಿಂಗ್. ಅಷ್ಟೇ. ಮೋಟರಿಗೆ ಕರೆಂಟು ತಲುಪಿತೇ ಎಂದು ಯಾವ ಕಂಪ್ಯೂಟರೂ ಅಲ್ಲಿ ಕಾವಲು ಕೂತಿರುವುದಿಲ್ಲ. ತನಗೆ ಗೊತ್ತೇ ಇಲ್ಲದ ವಿಚಾರದಲ್ಲಿ ಸ್ಕ್ಯಾನರ್ ಸುಮ್ಮನಿದ್ದರೆ, ಆ ಮೌನವನ್ನೇ ಇಲ್ಲಿ ಫಿಟ್‌ನೆಸ್ ಸರ್ಟಿಫಿಕೇಟ್ ಎಂದು ಓದಲಾಗುತ್ತದೆ.

ಫಾಲ್ಟು ಇಲ್ಲದಿದ್ದರೇನಂತೆ, ಎಸ್ಟಿಮೇಟು ಇದೆ. "ಮೋಟರ್ ಅಸೆಂಬ್ಲಿ ಚೇಂಜ್ ಮಾಡಿ ನೋಡೋಣ ಸಾರ್. ಆಗ್ಲಿಲ್ಲ ಅಂದ್ರೆ ವೈರಿಂಗ್ ಹಾರ್ನೆಸ್ ಪೂರ್ತಿ." ಜೊತೆಗೆ ಲೇಬರ್, ಅದರ ಮೇಲೆ ಶೇಕಡಾ 18 ಜಿಎಸ್‌ಟಿ. ಮೋಟರ್ ಹಾಕಿದ ಮೇಲೂ ವೈಪರ್ ಆಡದಿದ್ದರೆ? ಗೋಡೆಯ ಮೇಲೆ ಬೋರ್ಡಿದೆ: ಎಲೆಕ್ಟ್ರಿಕಲ್ ಐಟಂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಇಷ್ಟೆಲ್ಲ ಆಗುವವರೆಗೂ ಡಿಕ್ಕಿ ಬಾಗಿಲನ್ನು ಯಾರೂ ಎತ್ತಿರುವುದಿಲ್ಲ. ಎತ್ತಿದ್ದರೆ, ಮೇಲ್ಗಡೆ ಕೀಲಿನ ಪಕ್ಕದಲ್ಲಿ ಮಡಿಕೆ ಮಡಿಕೆಯಾದ ಕಪ್ಪು ರಬ್ಬರ್ ಕೊಳವೆ ಕಾಣುತ್ತಿತ್ತು. ಬಾಡಿಯಿಂದ ಬಾಗಿಲಿಗೆ ಹೋಗುವ ವೈರುಗಳೆಲ್ಲ ಅದರೊಳಗೇ. ಡಿಕ್ಕಿ ತೆಗೆದು ಮುಚ್ಚಿದಾಗಲೆಲ್ಲ ಅವು ಅದೇ ಜಾಗದಲ್ಲಿ ಬಾಗಿ ಬಾಗಿ, ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಮೇಲಿನ ಪ್ಲಾಸ್ಟಿಕ್ ಎಷ್ಟೋ ಸಲ ಗಟ್ಟಿಮುಟ್ಟಾಗೇ ಇರುತ್ತದೆ. ವೈಪರ್ ಜೊತೆಗೇ ನಂಬರ್ ಪ್ಲೇಟ್ ಲೈಟು, ಹಿಂದಿನ ಗಾಜಿನ ಮಂಜು ಕರಗಿಸುವ ಡೀಫಾಗರು, ಡಿಕ್ಕಿ ಲಾಕು, ಮೇಲಿನ ಬ್ರೇಕ್ ಲೈಟು ಇವುಗಳಲ್ಲೂ ಒಂದೆರಡು ಕೈಕೊಟ್ಟಿದ್ದರೆ ಕಳ್ಳ ಅಲ್ಲೇ ಇದ್ದಾನೆಂದು ಅರ್ಥ. ಸರ್ವಿಸ್ ಸೆಂಟರಿನವರು ಕೆಲಸ ಬರೆದುಕೊಳ್ಳುವ ಜಾಬ್ ಕಾರ್ಡಿನಲ್ಲಿ ಮಾತ್ರ ಇವು ಬೇರೆ ಬೇರೆ ಕಾಯಿಲೆಗಳು, ಬೇರೆ ಬೇರೆ ಎಸ್ಟಿಮೇಟುಗಳು.

ವೋಲ್ಟೇಜ್ ಅಳೆಯುವ ಮೀಟರ್ ಹಿಡಿದು ಬರುವ ಉತ್ಸಾಹಿಗಳೂ ಇದ್ದಾರೆ. ಮೋಟರಿನ ಕನೆಕ್ಟರಿಗೆ ಇಟ್ಟರೆ 12 ವೋಲ್ಟ್ ತೋರಿಸುತ್ತದೆ. "ಸಪ್ಲೈ ಬರ್ತಿದೆ, ಮೋಟರೇ ಹೋಗಿದೆ!" ಒಂದೇ ಎಳೆ ಉಳಿದಿದ್ದರೂ ಮೀಟರು ಪೂರ್ತಿ ವೋಲ್ಟೇಜ್ ತೋರಿಸುತ್ತದೆ, ಏಕೆಂದರೆ ಅದು ಎಳೆದುಕೊಳ್ಳುವ ಕರೆಂಟು ನಗಣ್ಯ. ಮೋಟರಿಗೆ ಆಂಪಿಯರ್ ಲೆಕ್ಕದಲ್ಲಿ ಬೇಕು. ಅದಕ್ಕೇ ಹಳೆಯ ಎಲೆಕ್ಟ್ರಿಷಿಯನ್ನುಗಳು ಇಂಡಿಕೇಟರಿನ 21 ವಾಟ್ ಬಲ್ಬಿಗೆ ಎರಡು ವೈರು ಕಟ್ಟಿಕೊಂಡು ಓಡಾಡುವುದು. ಮೋಟರಿನ ಬದಲು ಅದನ್ನು ಕನೆಕ್ಟರಿಗೆ ಸಿಕ್ಕಿಸಿದಾಗ ಬಲ್ಬು ಮಿಣಮಿಣ ಎಂದರೆ ಮುಗಿಯಿತು, ತೊಂದರೆ ದಾರಿಯಲ್ಲಿದೆ, ಮೋಟರಿನಲ್ಲಲ್ಲ. (ಕೆಲವು ಕಾರುಗಳಲ್ಲಿ ವಾಷರ್ ನೀರು ಸೋರಿ ಮೋಟರೊಳಗೆ ಇಳಿದು ತುಕ್ಕು ಹಿಡಿಸುವುದುಂಟು. ಆಗ ಮೋಟರ್ ಬದಲಿಸಲೇಬೇಕು. ಆದರೆ ಅದನ್ನೂ ಬಿಚ್ಚಿ ನೋಡಿ ಹೇಳಬೇಕಷ್ಟೆ.)

ಬೆಂಗಳೂರಿನ ಜೆ.ಸಿ. ರಸ್ತೆಯ ಕಡೆ ಯಾವುದಾದರೂ ಓಣಿಯ ಎಲೆಕ್ಟ್ರಿಷಿಯನ್ ಬಳಿ ಹೋದರೆ ಜಾಬ್ ಕಾರ್ಡೇ ಇಲ್ಲ. "ಪಾರ್ಕಿಂಗ್ ಲೈಟ್ ಹಾಕಿ ಸಾರ್" ಎಂದು ಡಿಕ್ಕಿ ಎತ್ತಿ ಆ ರಬ್ಬರನ್ನು ಹಿಸುಕುತ್ತಾನೆ. ನಂಬರ್ ಪ್ಲೇಟ್ ಲೈಟು ಕಣ್ಣು ಹೊಡೆಯುತ್ತದೆ. ರಬ್ಬರ್ ಸರಿಸಿ, ಸತ್ತ ತುದಿ ಕತ್ತರಿಸಿ, ಸ್ವಲ್ಪ ಉದ್ದ ವೈರು ಸೇರಿಸಿ ಬೆಸುಗೆ ಹಾಕಿ, ಸ್ಲೀವ್ ಏರಿಸಿದರೆ ಆಯಿತು. ಆದರೆ ಇವನ ವಿದ್ಯೆಗೆ ಮಾನ್ಯತೆ ಇಲ್ಲ, ಬಿಲ್ ಪುಸ್ತಕವೂ ಇಲ್ಲ. ಇವನ ಬೆರಳು ತಾಗಿದ ವೈರು ಮೈಲಿಗೆ, ಇನ್ನು ಅದಕ್ಕೆ ವಾರಂಟಿ ಕೇಳುವಂತಿಲ್ಲ.

ವಾರಂಟಿ ಇರುವವರು ಹಿಗ್ಗಬೇಡಿ. ನೀವು ಹಟ ಹಿಡಿದು ರಬ್ಬರ್ ಬಿಚ್ಚಿಸಿ, ತುಂಡಾದ ವೈರನ್ನೇ ತೋರಿಸಿದಿರೆನ್ನಿ, ಕೂಡಲೇ ತೀರ್ಪು ಬರುತ್ತದೆ: "ಇಲಿ ಕಡಿದಿದೆ ಸಾರ್. ವಾರಂಟಿಗೆ ಬರಲ್ಲ." ಹೊರಗಿನ ರಬ್ಬರಿಗೆ ಒಂದು ಹಲ್ಲಿನ ಗುರುತೂ ಬೀಳದಂತೆ ಒಳಗಿನ ವೈರನ್ನಷ್ಟೇ ಕಡಿದು, ತೂತೂ ಮಾಡದೆ ಮಾಯವಾಗುವ ಇಲಿ! ವಿಘ್ನೇಶ್ವರನ ವಾಹನವೇ ನಿಮ್ಮ ವಾಹನಕ್ಕೆ ವಿಘ್ನ ತಂದಿರುವಾಗ ಗ್ರಾಹಕರ ಆಯೋಗ ತಾನೇ ಏನು ಮಾಡೀತು?

ಸಂಜೆ ಕಾರು ಮಿರಮಿರ ತೊಳೆದು ಕೈಗೆ ಬರುತ್ತದೆ. ಹಿಂದೆಯೇ ಅಡ್ವೈಸರ್ ವಿನಂತಿ: "ನಾಳೆ ಕಾಲ್ ಬರುತ್ತೆ ಸಾರ್, ಹತ್ತಕ್ಕೆ ಹತ್ತು ಕೊಡಿ. ಒಂಬತ್ತು ಕೊಟ್ರೂ ನಮಗೆ ಇನ್ಸೆಂಟಿವ್ ಕಟ್." ಕಾಲ್ ಬರುತ್ತದೆ. ಸಿಬ್ಬಂದಿಯ ನಡವಳಿಕೆ ಹೇಗಿತ್ತು, ಕಾಯುವ ಕೋಣೆ ಸ್ವಚ್ಛವಾಗಿತ್ತೇ, ಕಾಫಿ ಹೇಗಿತ್ತು, ಎಲ್ಲ ಕೇಳುತ್ತಾರೆ. ವೈಪರ್ ಆಡುತ್ತಿದೆಯೇ ಎಂಬ ಪ್ರಶ್ನೆ ಅವರ ಪಟ್ಟಿಯಲ್ಲಿಲ್ಲ.