ಕಡತ ಲಭ್ಯವಿರುವುದಿಲ್ಲ

"ಕೋರಿರುವ ಕಡತವು ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ." ಒಂದೇ ಸಾಲು. ಕೆಳಗೆ ಸಹಿ, ಮೊಹರು. ಮಾಹಿತಿ ಹಕ್ಕಿನಡಿ ನಾನು ಹಾಕಿದ್ದ ಅರ್ಜಿಗೆ 47ನೇ ದಿನ ಬಂದ ಹಿಂಬರಹ ಇದು.

ನಾನೇನು ಮಿಲಿಟರಿ ಗುಟ್ಟು ಕೇಳಿರಲಿಲ್ಲ. ನಮ್ಮ ಬಡಾವಣೆಗೆ ಮಂಜೂರಾತಿ ಕೊಟ್ಟಾಗಿನ ನಕ್ಷೆ ಮತ್ತು ಅದರ ಜೊತೆಗಿದ್ದ ಟಿಪ್ಪಣಿ ಹಾಳೆಗಳ ಪ್ರತಿ ಕೇಳಿದ್ದೆ, ಅಷ್ಟೇ. ಬೆಂಗಳೂರಿನ 2022ರ ಸೆಪ್ಟೆಂಬರ್ ಮಳೆ ನಿಮಗೂ ನೆನಪಿರಬೇಕು. ಐಟಿ ಕಂಪನಿಗಳ ಜನ ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದ ವಾರ ಅದು. ನಮ್ಮ ರಸ್ತೆಗೂ ರಾತ್ರೋರಾತ್ರಿ ನೀರು ನುಗ್ಗಿತು. ಕೆಳಗಿನ ಮನೆಯ ಅಜ್ಜಿಯನ್ನು ಕುರ್ಚಿ ಸಮೇತ ಎತ್ತಿಕೊಂಡು ನಮ್ಮ ಮನೆಗೆ ತಂದೆವು. ಅವರ ಮದುವೆಯ ಫೋಟೋಗಳೆಲ್ಲ ಟ್ರಂಕಿನಲ್ಲೇ ನೆನೆದು ಹೋದವು. ನೀರು ಇಳಿದ ಮೇಲೆ, ಈ ಊರಲ್ಲೇ ಹುಟ್ಟಿ ಬೆಳೆದ ತಾತ ಒಬ್ಬರು ಬೀದಿಯಲ್ಲಿ ನಿಂತು ಹೇಳಿದರು: "ಇಲ್ಲಿ ಕಾಲುವೆ ಇತ್ತು ಕಣಪ್ಪ. ಮೇಲಿನ ಕೆರೆ ಕೋಡಿ ಬಿದ್ರೆ ನೀರು ಇದರಲ್ಲೇ ಕೆಳಗಿನ ಕೆರೆಗೆ ಹೋಗ್ತಿತ್ತು. ನಾವು ಇಲ್ಲೇ ಎಮ್ಮೆ ಮೈ ತೊಳೀತಿದ್ವಿ."

ತಾತ ಹೇಳಿದ್ದು ಸುಳ್ಳಲ್ಲ. ಸರ್ವೆ ನಕ್ಷೆಗಳನ್ನು ತೋರಿಸುವ ಸರ್ಕಾರದ ದಿಶಾಂಕ್ ಆ್ಯಪ್ ತೆರೆದು ನೋಡಿದೆ. ಹಳೆಯ ಗ್ರಾಮ ನಕ್ಷೆಯಲ್ಲಿ ಕಾಲುವೆಯ ಗೆರೆ ಸರಿಯಾಗಿ ನಮ್ಮ ರಸ್ತೆಯ ಮೇಲೇ ಹಾದುಹೋಗುತ್ತದೆ. ಹಾಗಾದರೆ ಆ ಗೆರೆ ಸೈಟುಗಳಾಗಿದ್ದು ಹೇಗೆ? ಯಾರಾದರೂ ಬೇಡ ಎಂದು ಬರೆದಿದ್ದರಾ? ಬರೆದಿದ್ದರೆ ಅದನ್ನು ತಳ್ಳಿಹಾಕಿ ಸಹಿ ಮಾಡಿದವರು ಯಾರು? ಇದಕ್ಕೆಲ್ಲ ಉತ್ತರ ಇರುವುದು ಆ ಟಿಪ್ಪಣಿ ಹಾಳೆಗಳಲ್ಲಿ. ಆ ಹಾಳೆಗಳೇ "ಲಭ್ಯವಿರುವುದಿಲ್ಲ."

ಅರ್ಜಿ ಹಾಕುವುದು ಕಷ್ಟವೇನಲ್ಲ. 10 ರೂಪಾಯಿ ಶುಲ್ಕ, ಕರ್ನಾಟಕದ ನಿಯಮದ ಪ್ರಕಾರ 150 ಪದಗಳ ಒಳಗೆ ಒಂದೇ ವಿಷಯ. 30 ದಿನದಲ್ಲಿ ಉತ್ತರ ಕೊಡಬೇಕು. ಕೇಂದ್ರದ ಮಾಹಿತಿ ಹಕ್ಕು ಕಾಯ್ದೆ ಬಂದಿದ್ದು 2005ರಲ್ಲಿ. ಅದಕ್ಕೂ ಮುಂಚೆ, 2000ದಲ್ಲೇ, ನಮ್ಮ ರಾಜ್ಯ ತನ್ನದೇ ಕಾನೂನು ಮಾಡಿಕೊಂಡಿತ್ತು. ಆ ವಿಷಯದಲ್ಲಿ ನನಗೆ ಕರ್ನಾಟಕದ ಬಗ್ಗೆ ಈಗಲೂ ಹೆಮ್ಮೆಯಿದೆ.

ಆದರೆ ಒಂದು ಮಾತು ಗಮನಿಸಿ. ಯಾವ ಮಾಹಿತಿ ಕೊಡದೆ ಇರಬಹುದು ಎಂದು ಕಾಯ್ದೆಯ 8ನೇ ಕಲಂ ಒಂದೊಂದಾಗಿ ಹೇಳುತ್ತದೆ. ದೇಶದ ಭದ್ರತೆ, ತನಿಖೆಗೆ ತೊಂದರೆ, ವ್ಯಾಪಾರದ ಗುಟ್ಟು, ಹೀಗೆ. "ಕಡತ ಕಳೆದುಹೋಗಿದೆ" ಅನ್ನುವ ಕಾರಣ ಅಲ್ಲಿ ಎಲ್ಲೂ ಇಲ್ಲ. 2013ರಲ್ಲಿ ದೆಹಲಿ ಹೈಕೋರ್ಟ್ ಕೂಡ ಇದನ್ನೇ ಹೇಳಿತು. ಒಂದು ಕಾಲಕ್ಕೆ ಇದ್ದ ದಾಖಲೆ ಈಗ ಸಿಗುತ್ತಿಲ್ಲ ಎಂದು ಸುಮ್ನೆ ಕೈತೊಳೆದುಕೊಳ್ಳುವಂತಿಲ್ಲ, ಹುಡುಕಬೇಕು, ಕಳೆದಿದ್ದರೆ ಯಾರ ತಪ್ಪು ಎಂದು ವಿಚಾರಣೆ ಮಾಡಬೇಕು. ಅಷ್ಟೇ ಅಲ್ಲ, ಕಾಯ್ದೆಯ 4ನೇ ಕಲಂ ಕಚೇರಿಗಳಿಗೆ ಹೇಳುವ ಮೊಟ್ಟಮೊದಲ ಕೆಲಸವೇ ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ಹಾಕಿ ಇಡುವುದು. ಇಟ್ಟುಕೊಂಡಿದ್ದರೆ ತಾನೇ ಕೊಡುವುದು?

ನಾವು "ಸರ್ಕಾರಿ ರಹಸ್ಯ" ಅಂದ ತಕ್ಷಣ ಕೆಂಪು ಮುದ್ರೆ, ಬೀಗ ಹಾಕಿದ ಕಪಾಟು ಅಂದುಕೊಳ್ಳುತ್ತೇವೆ. ಅದೂ ಇದೆ. 1962ರ ಚೀನಾ ಯುದ್ಧದಲ್ಲಿ ಎಲ್ಲಿ ಎಡವಿದೆವು ಎಂದು ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಎಂಬ ಇಬ್ಬರು ಸೇನಾಧಿಕಾರಿಗಳು 1963ರಲ್ಲಿ ವರದಿ ಕೊಟ್ಟರು. 2014ರಲ್ಲಿ ಒಬ್ಬ ವಿದೇಶಿ ಪತ್ರಕರ್ತ ಅದರ ಒಂದು ಭಾಗವನ್ನು ಇಂಟರ್‌ನೆಟ್‌ನಲ್ಲಿ ಹಾಕಿದ್ದರಿಂದ ನಾವು ಅಷ್ಟಾದರೂ ಓದಿದೆವು. ಸರ್ಕಾರ ತಾನಾಗಿ ಬಿಡುಗಡೆ ಮಾಡಲಿಲ್ಲ. ಆ ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯಂದಿರು ನಮ್ಮ ಕೊಡಗಿನಲ್ಲೂ ಇರಲಿಲ್ಲವೇ? ಮಗ ಯಾಕೆ ವಾಪಸ್ ಬರಲಿಲ್ಲ ಎಂದು ತಿಳಿಯುವ ಹಕ್ಕು ಅವರಿಗಿತ್ತು.

ಗುಪ್ತಚರರ ಹೆಸರು, ಸಾಕ್ಷಿಗಳ ವಿಳಾಸ, ಈಗಿನ ಗಡಿಯ ಸೇನಾ ವಿವರ ಇವೆಲ್ಲ ಮುಚ್ಚಿಡಬೇಕಾದ್ದೇ. ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಗುಟ್ಟಿಗೂ ಒಂದು ಕಾಲಮಿತಿ ಇರಬೇಕಲ್ವಾ? 20 ವರ್ಷ ದಾಟಿದ ಘಟನೆಯ ಮಾಹಿತಿಯನ್ನು, ಮೂರು ಕಾರಣ ಬಿಟ್ಟರೆ, ಕೊಡಬೇಕು ಎಂದು ಮಾಹಿತಿ ಹಕ್ಕು ಕಾಯ್ದೆ ಹೇಳುತ್ತದೆ. 1923ರಲ್ಲಿ ಬ್ರಿಟಿಷರು ಮಾಡಿದ ಅಧಿಕೃತ ರಹಸ್ಯ ಕಾಯ್ದೆಗಿಂತ ಇದೇ ಮೇಲು ಎಂದೂ ಹೇಳುತ್ತದೆ. ಇನ್ನೊಂದು ಕಡೆ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಇದೆ. ಅದರ ಪ್ರಕಾರ ರಹಸ್ಯದ ಮುದ್ರೆ ಇರುವ ಕಾಗದವನ್ನು, ಹಳೆಯ ಸರ್ಕಾರಿ ದಾಖಲೆಗಳನ್ನು ಕಾಪಾಡುವ ರಾಷ್ಟ್ರೀಯ ಪತ್ರಾಗಾರಕ್ಕೆ ಕಳಿಸುವಂತಿಲ್ಲ. ಮೊದಲು ಮುದ್ರೆ ತೆಗೆಯಬೇಕು. ತೆಗೆಯಬೇಕಾದವರು ಯಾರು? ಅದೇ ಇಲಾಖೆಯವರು. ಅವರಿಗೆ ಅದರ ಅವಸರ ಎಲ್ಲಿಂದ ಬರಬೇಕು? 2022ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಪತ್ರಾಗಾರದ ಮುಖ್ಯಸ್ಥರೇ ಬಹಿರಂಗವಾಗಿ ಹೇಳಿದರು: 1962, 1965, 1971ರ ಯುದ್ಧಗಳ ದಾಖಲೆ ತಮ್ಮಲ್ಲಿಲ್ಲ, ಹಸಿರು ಕ್ರಾಂತಿಯದ್ದೂ ಇಲ್ಲ. ಓದಿ ಹೊಟ್ಟೆ ಉರಿಯಿತು. ಹಸಿರು ಕ್ರಾಂತಿಯಲ್ಲಿ ಎಂಥ ಗುಟ್ಟು?

ಆದರೆ ನಮ್ಮ ಬೀದಿ ಮಟ್ಟದ ರಹಸ್ಯಕ್ಕೆ ಮುದ್ರೆಯೂ ಬೇಕಿಲ್ಲ. ರೆಕಾರ್ಡ್ ರೂಮಿನ ಸೋರುವ ಸೂರು, ಗೆದ್ದಲು, ಕಚೇರಿ ಬದಲಾಯಿಸುವಾಗ ಲಾರಿಯಿಂದ ಇಳಿಯದೇ ಹೋದ ಗಂಟು, ಇಷ್ಟು ಸಾಕು. ಬೇಕಂತಲೇ ಕಳೆದಿದ್ದು ಯಾವುದು, ತಾನಾಗಿ ಕಳೆದಿದ್ದು ಯಾವುದು ಎಂದು ಯಾರೂ ಹೇಳಲಾರರು. ಇದೇ ನನಗೆ ಜಾಸ್ತಿ ಭಯ. ಮುಚ್ಚಿಟ್ಟ ಕಾಗದ ಇವತ್ತಲ್ಲ ನಾಳೆ ಹೊರಗೆ ಬರಬಹುದು. ಕಳೆದ ಕಾಗದ ಬರುವುದಿಲ್ಲ.

ಕಳೆದ ತಿಂಗಳು ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಮೊದಲ ಸಲ ಹೋಗಿದ್ದೆ. ಅಲ್ಲಿ ಹಳೆಯ ಮೈಸೂರು ಸರ್ಕಾರದ ಕಾಲದ, ಕೆರೆ ದುರಸ್ತಿಯ ಒಂದು ಕಡತ ನೋಡಲು ಸಿಕ್ಕಿತು. ನೂರು ವರ್ಷ ದಾಟಿದ ಕಾಗದ. ಅಂಚು ಮುರಿಯುತ್ತದೆ, ಶಾಯಿ ಕಂದು ಬಣ್ಣಕ್ಕೆ ತಿರುಗಿದೆ. ಆದರೂ ಯಾರು ಕೇಳಿದರು, ಯಾರು ಬೇಡ ಎಂದರು, ಎಷ್ಟು ಖರ್ಚಾಯಿತು ಎಲ್ಲವೂ ಓದಬಹುದು. ನನ್ನ ಬಡಾವಣೆಗೆ ಇನ್ನೂ 30 ವರ್ಷವೂ ಆಗಿಲ್ಲ. ಅದರ ಕಡತ ಇಲ್ಲ! ಆ ಮೇಜಿನ ಮುಂದೆ ಕೂತಿದ್ದಾಗ ಗಂಟಲು ಕಟ್ಟಿತು.

"ಕಡತ" ಅನ್ನುವ ಪದವನ್ನೇ ನೋಡಿ. ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದ ಗಟ್ಟಿ ಬಟ್ಟೆಯನ್ನು ಮಡಿಸಿ, ಅದರ ಮೇಲೆ ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದ ಕಾಲದ ಪದ ಅದು. ಶೃಂಗೇರಿ ಮಠ ಅಂಥ ಕಡತಗಳನ್ನು, ಪತ್ರಗಳನ್ನು ಜೋಪಾನ ಮಾಡಿತ್ತು. 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರಿಗೆ ಅಲ್ಲಿ ಟಿಪ್ಪು ಸುಲ್ತಾನ್ ಸ್ವಾಮಿಗಳಿಗೆ ಬರೆದ ಕನ್ನಡ ಪತ್ರಗಳು ಸಿಕ್ಕವು. 1791ರಲ್ಲಿ ಮರಾಠಾ ಸವಾರರು ಮಠವನ್ನು ಲೂಟಿ ಮಾಡಿದ ಮೇಲಿನ ಪತ್ರಗಳೂ ಅದರಲ್ಲಿವೆ. ಟಿಪ್ಪು ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಜಗಳ ಆಡುವುದಕ್ಕಾದರೂ ನಮ್ಮ ಮುಂದೆ ಕಾಗದ ಇದೆ.

ಅದಕ್ಕೂ ಹಿಂದೆ ಹೋದರೆ ಕಲ್ಲು. ಬೇಗೂರಿನ ನಾಗೇಶ್ವರ ದೇವಸ್ಥಾನಕ್ಕೆ ಹೋಗಿ ಬನ್ನಿ. ಬೆಂಗಳೂರಿನ ಕಾಳಗವನ್ನು ಹೆಸರಿಸುವ, ಸುಮಾರು ಕ್ರಿ.ಶ. 890ರ ಶಾಸನ ಅಲ್ಲಿದೆ. ಭೂಮಿ ದಾನ ಕೊಟ್ಟರೆ ನಾಲ್ಕು ದಿಕ್ಕಿನ ಎಲ್ಲೆ, ಕೆರೆ, ತೂಬು ಎಲ್ಲ ಕಲ್ಲಿನಲ್ಲಿ ಕೆತ್ತಿಸಿ ಊರ ಮುಂದೆ ನಿಲ್ಲಿಸುತ್ತಿದ್ದರು. ದಾನವನ್ನು ಅಳಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆ (ಹಸು) ಕೊಂದ ಪಾಪ ಬರಲಿ ಎಂದು ಕೆಳಗೆ ಶಾಪ ಬೇರೆ. ಈಗಿನ 1993ರ ಕಾಯ್ದೆಯಲ್ಲೂ ಕೇಂದ್ರದ ದಾಖಲೆಗಳನ್ನು ಅಕ್ರಮವಾಗಿ ನಾಶ ಮಾಡಿದವರಿಗೆ 5 ವರ್ಷದವರೆಗೆ ಜೈಲು ಇದೆ. ದಾಖಲೆಗಳ ಬಗ್ಗೆ ನಮ್ಮ ರಾಜ್ಯಕ್ಕೂ 2010ರ ಕಾಯ್ದೆ ಇದೆ.

ಇನ್ನೊಂದು ಆತಂಕ ಹೊಸದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ ಮೂಲಕ ವೈಯಕ್ತಿಕ ಮಾಹಿತಿಯನ್ನು ಕೊಡದಿರಲು ಅವಕಾಶ ಕೊಡುವ ಮಾಹಿತಿ ಹಕ್ಕಿನ 8(1)(ಜೆ) ಕಲಮಿನಲ್ಲಿದ್ದ ಷರತ್ತುಗಳನ್ನು ತೆಗೆದಿದ್ದಾರೆ. ಸಂಸತ್ತಿಗೆ ನಿರಾಕರಿಸಲಾಗದ ಮಾಹಿತಿಯನ್ನು ಪ್ರಜೆಗೂ ನಿರಾಕರಿಸುವಂತಿಲ್ಲ ಎಂಬ ಮಾತು ಅಲ್ಲಿಂದ ಹೋಯಿತು. ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ಕೊಡಬಹುದು ಎಂಬ 8(2) ಉಳಿದಿದೆ, ನಿಜ. ಆದರೂ ನಾಳೆ ನನ್ನ ಕಡತ ಸಿಕ್ಕಿದರೂ, ಸಹಿ ಹಾಕಿದವರ ಹೆಸರು "ವೈಯಕ್ತಿಕ ಮಾಹಿತಿ" ಎಂದುಬಿಟ್ಟರೆ? ಸರ್ಕಾರಿ ಕೆಲಸದಲ್ಲಿ ಹಾಕಿದ ಸಹಿ ಯಾರ ಖಾಸಗಿ ಸ್ವತ್ತೂ ಅಲ್ಲ.

ಒಳ್ಳೆಯದೂ ನಡೆಯುತ್ತಿದೆ, ಅದನ್ನೂ ಹೇಳಬೇಕು. ಕಂದಾಯ ಇಲಾಖೆ ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ. ಇದೇ ಕೆಲಸ ಬಡಾವಣೆ, ಕೆರೆ, ರಾಜಕಾಲುವೆಗಳ ಕಡತ ಇರುವ ಎಲ್ಲ ಕಚೇರಿಗಳಲ್ಲೂ ಆಗಲಿ. ಯಾವ ಕಡತ ಇದೆ, ಯಾವುದು ಕಳೆದಿದೆ, ಯಾವುದನ್ನು ಯಾರ ಆದೇಶದ ಮೇಲೆ ನಾಶ ಮಾಡಿದರು, ಆ ಪಟ್ಟಿಯನ್ನು ನಾವು ಕೇಳುವ ಮೊದಲೇ ಹಾಕಲಿ.

ನನ್ನ ಮೊದಲ ಮೇಲ್ಮನವಿಗೂ ಅದೇ ಸಾಲು ಬಂತು. ಎರಡನೆಯದು ಹಾಕಿದ್ದೇನೆ. ಈ ಮಧ್ಯೆ ನಮ್ಮ ಬೀದಿಯವರೇ ಮನೆಮನೆಯ ಹಳೆಯ ಕ್ರಯಪತ್ರ, ಸೈಟ್ ಮಾರುವಾಗ ಕೊಟ್ಟಿದ್ದ ನಕ್ಷೆ, ಫೋಟೋ ಒಂದು ಕಡೆ ಸೇರಿಸುತ್ತಿದ್ದೇವೆ. ತಾತನ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೇವೆ. ಕೆಳಗಿನ ಮನೆಯ ಅಜ್ಜಿ, ನೆನೆದು ಒಣಗಿದ ತಮ್ಮ ಕ್ರಯಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮೊದಲು ತಂದುಕೊಟ್ಟರು. ಅದರ ಹಿಂಬದಿಯ ಚಿಕ್ಕ ನಕ್ಷೆಯಲ್ಲಿ, ಸೈಟಿನ ಪೂರ್ವಕ್ಕೆ "ಹಳ್ಳ" ಎಂದು ಬರೆದಿದೆ.