ರಿಪೋರ್ಟಿನಲ್ಲಿ ‘ಅಸಿಮೆಟ್ರಿ’ ಅಂತಿದ್ದರೆ ಕ್ಯಾನ್ಸರ್ ಅಂತಲೇ ಅಲ್ಲ

‘ಮ್ಯಾಮೊಗ್ರಾಮ್ ರಿಪೋರ್ಟಿನಲ್ಲಿ ಅಸಿಮೆಟ್ರಿ ಎಂದು ಬರೆದಿದ್ದರೆ ಅದು ಕ್ಯಾನ್ಸರ್, ಬೈ-ರಾಡ್ಸ್ 0 ಅಂದರೆ ಏನೂ ಇಲ್ಲ’ ಎಂಬ ಸಂದೇಶವೊಂದು ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಎರಡೂ ತಪ್ಪು. ಎರಡನೆಯದು ಇನ್ನೂ ಅಪಾಯಕಾರಿ. ಮ್ಯಾಮೊಗ್ರಾಮ್ ಅಂದರೆ ಸ್ತನದ ಎಕ್ಸ್-ರೇ, ಬೈ-ರಾಡ್ಸ್ ಅಂದರೆ ಅದರ ರಿಪೋರ್ಟಿಗೆ ಕೊಡುವ ಅಂಕಿ. ಅಸಿಮೆಟ್ರಿ ಅಂದರೆ ಒಂದು ಸ್ತನದಲ್ಲಿ ಕಂಡು ಇನ್ನೊಂದರ ಅದೇ ಜಾಗದಲ್ಲಿ ಕಾಣದ ಬಿಳಿ ಮಬ್ಬು.

ಎರಡು ಸ್ತನಗಳು ಅಚ್ಚು ಹಾಕಿದಂತೆ ಒಂದೇ ಥರ ಇರುವುದಿಲ್ಲ. ಒಂದು ಕಡೆ ಅಂಗಾಂಶ ಸ್ವಲ್ಪ ಜಾಸ್ತಿ ಇರಬಹುದು. ಪ್ರತಿ ಸ್ತನಕ್ಕೂ ಸಾಮಾನ್ಯವಾಗಿ ಎರಡು ಚಿತ್ರ ತೆಗೆಯುತ್ತಾರೆ: ಮೇಲಿನಿಂದ ಒಂದು, ಓರೆಯಾಗಿ ಒಂದು. ಬಿಳಿ ಮಬ್ಬು ಒಂದು ಚಿತ್ರದಲ್ಲಿ ಮಾತ್ರ ಕಂಡರೆ ಅದು ಬರೀ ‘ಅಸಿಮೆಟ್ರಿ’. ಎಷ್ಟೋ ಸಲ ಅಂಗಾಂಶದ ಪದರಗಳು ಒಂದರ ಮೇಲೊಂದು ಬಿದ್ದು ಹಾಗೆ ಕಾಣುತ್ತದೆ, ಆ ಜಾಗವನ್ನಷ್ಟೇ ಒತ್ತಿ ಮತ್ತೆ ಚಿತ್ರ ತೆಗೆದರೆ ಮಾಯ! ಎರಡೂ ಚಿತ್ರದಲ್ಲಿ ಕಂಡರೆ ‘ಫೋಕಲ್’. ಸ್ತನದ ದೊಡ್ಡ ಭಾಗದಲ್ಲಿದ್ದರೆ ‘ಗ್ಲೋಬಲ್’. ಕೈಗೆ ಗಂಟು ಸಿಗದಿದ್ದರೆ ಈ ‘ಗ್ಲೋಬಲ್’ ಬಹುಪಾಲು ಸಹಜವೇ.

ನಿಜವಾಗಿ ಗಮನ ಕೊಡಬೇಕಾದ್ದು ‘ಡೆವಲಪಿಂಗ್’ ಎಂಬುದಕ್ಕೆ. ಹಿಂದಿನ ಚಿತ್ರದಲ್ಲಿ ಇಲ್ಲದ್ದು ಈಗ ಬಂದಿದೆ, ಇಲ್ಲವೇ ಇದ್ದದ್ದು ದೊಡ್ಡದಾಗಿದೆ ಅಂತ ಅರ್ಥ. ಇದೂ ಕ್ಯಾನ್ಸರ್ ಅಂತಲೇ ಅಲ್ಲ, ಆದರೆ ಪೂರ್ತಿ ತಪಾಸಣೆ ಬೇಕೇ ಬೇಕು. ಕೆಲವೊಮ್ಮೆ ಬಯಾಪ್ಸಿಯೂ (ಅಂಗಾಂಶದ ಚೂರು ತೆಗೆದು ಪರೀಕ್ಷಿಸುವುದು) ಬೇಕಾಗುತ್ತದೆ. ಹಳೇ ಫಿಲ್ಮನ್ನು ಸುಮ್ನೆ ಎಸೆಯಬೇಡಿ ಅನ್ನೋದು ಇದಕ್ಕೇ.

ಇನ್ನು ಬೈ-ರಾಡ್ಸ್ 0. ಸೊನ್ನೆ ನೋಡಿ ನಿರಾಳ ಆಗೋದು ಸಹಜ ಅಲ್ವಾ? ಅದರ ಅರ್ಥ ‘ಪರೀಕ್ಷೆ ಇನ್ನೂ ಮುಗಿದಿಲ್ಲ’ ಅಂತ. ಹೆಚ್ಚುವರಿ ಚಿತ್ರ, ಅಲ್ಟ್ರಾಸೌಂಡ್ ಅಥವಾ ಹಳೇ ಚಿತ್ರಗಳ ಜೊತೆ ಹೋಲಿಕೆ ಆದ ಮೇಲೆಯೇ ಕೊನೆಯ ಅಂಕಿ ಸಿಗುತ್ತದೆ. ‘ನೆಗೆಟಿವ್’ ಅನ್ನೋಕೆ ಇರುವ ಅಂಕಿ 1.