ಒಡೆಯರ ರೆಕಾರ್ಡು ನೆನಪಿದೆ, ಮೆಟ್ನರ್‌ನ ಪುಟ ಯಾರಿಗೆ ಬೇಕು?

ಮೈಸೂರಿನಲ್ಲಿ ಪಿಯಾನೋ ಅಂದರೆ ಸಾಕು, ಯಾರಾದರೊಬ್ಬರು ಈ ಕಥೆ ಶುರು ಮಾಡುತ್ತಾರೆ. ರಷ್ಯಾ ಬಿಟ್ಟು ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ರಚನಕಾರ ನಿಕೊಲಾಯ್ ಮೆಟ್ನರ್‌ನ ಸಂಗೀತವನ್ನು ಎಚ್‌ಎಂವಿ ರೆಕಾರ್ಡು ಮಾಡಲು ನಮ್ಮ ಜಯಚಾಮರಾಜ ಒಡೆಯರು ದುಡ್ಡು ಕೊಟ್ಟರು, ಆತ ತನ್ನ ಮೂರನೇ ಪಿಯಾನೋ ಕನ್ಸರ್ಟೋವನ್ನು ಅವರಿಗೆ ಅರ್ಪಿಸಿದ. ನಿಜವಾದ ಕಥೆಯೇ. ನಾನೂ ಎಷ್ಟೋ ಸಲ ಹೇಳಿ ಬೀಗಿದ್ದೇನೆ.

ಆದರೆ ರೆಕಾರ್ಡು ಕೇಳುವವರಿಗೆ. ನುಡಿಸುವವರಿಗೆ ಸ್ವರ ಬರೆದ ಪುಟ ಬೇಕು, ಅದೂ ಹಸ್ತಪ್ರತಿಗೆ ಹೋಲಿಸಿ ತಿದ್ದಿದ, ನಂಬಬಹುದಾದ ಪುಟ.

ನನ್ನ ಪಾಡು ಕೇಳಿ. ಮೆಟ್ನರ್‌ನ ‘ಸೊನಾಟಾ ರೆಮಿನಿಸೆನ್ಸಾ’ ಕಲಿಯೋಣ ಅಂತ ಹೊರಟೆ. ಕೈಗೆ ಸಿಕ್ಕಿದ್ದು ಜೆರಾಕ್ಸಿನ ಜೆರಾಕ್ಸು. ಒಂದು ಕಡೆ ಸ್ವರದ ಪಕ್ಕ ಕಪ್ಪು ಮಸಿ. ಸ್ವರವನ್ನು ಅರ್ಧ ಮನೆ ಏರಿಸುವ ಶಾರ್ಪಾ, ಇದ್ದ ಹಾಗೇ ಬಿಡುವ ನ್ಯಾಚುರಲ್ಲಾ? ಸುಮ್ನೆ ಊಹೆ ಮಾಡಿ ಶಾರ್ಪ್ ನುಡಿಸಿದೆ. ಕಿವಿಗೂ ಹಿತವಾಗಿತ್ತು. ಅದೇ ಅಪಾಯ ನೋಡಿ!

ಬೀಥೋವನ್‌ನ ಸೊನಾಟಾದಲ್ಲಿ ಹೀಗಾದರೆ ಸಾವಿರ ಜನ ತಿದ್ದುತ್ತಾರೆ. ಟೀಚರಿಗೆ ಗೊತ್ತು, ಹತ್ತಾರು ಮುದ್ರಣ ಇವೆ, ಯೂಟ್ಯೂಬ್ ಇದೆ. ಯಾರೂ ನುಡಿಸದ ಕೃತಿಗೆ ಇರುವುದು ಆ ಒಂದು ಪುಟ. ಅಚ್ಚಿನ ತಪ್ಪೇ ಕೃತಿಯಾಗಿಬಿಡುತ್ತದೆ. ಹಾಗಾಗಿ ‘ಇಷ್ಟು ಅಪರೂಪದ್ದಕ್ಕೆ ಅಷ್ಟೊಂದು ಸಂಶೋಧನೆ ಯಾಕೆ’ ಅನ್ನುವ ಮಾತು ನನಗೆ ತಲೆಕೆಳಗಾಗಿ ಕಾಣುತ್ತದೆ. ಅಪರೂಪದ್ದಕ್ಕೇ ಅದು ಜಾಸ್ತಿ ಬೇಕು.

ಹೆಸರಾದ ಕೃತಿಗೇ ಏನಾಯಿತು ನೋಡಿ. ರಷ್ಯಾದ ರಚನಕಾರ ಮುಸೋರ್ಗ್‌ಸ್ಕಿಯ ‘ಪಿಕ್ಚರ್ಸ್ ಅಟ್ ಆನ್ ಎಕ್ಸಿಬಿಷನ್’ ಎಂಬ ಪಿಯಾನೋ ಕೃತಿ ಅಚ್ಚಾಗಿದ್ದು ಆತ ಸತ್ತ ಐದು ವರ್ಷಕ್ಕೆ, 1886ರಲ್ಲಿ, ಗೆಳೆಯ ರಿಮ್‌ಸ್ಕಿ ಕೊರ್ಸಕೊವ್‌ನ ಕೈಯಲ್ಲಿ. ಅದರಲ್ಲಿ ಒಂದು ಎತ್ತಿನ ಗಾಡಿ ಬರುತ್ತದೆ. ಹಸ್ತಪ್ರತಿಯಲ್ಲಿ ಮೊದಲ ಸ್ವರದಿಂದಲೇ ‘ಎಫ್‌ಎಫ್’, ಅಂದರೆ ತುಂಬಾ ಗಟ್ಟಿಯಾಗಿ. ಗಾಡಿ ಬಂದು ಎದೆಗೇ ಗುದ್ದಿದ ಹಾಗೆ. ಗೆಳೆಯ ಅದನ್ನು ಮೆಲ್ಲಗೆ ಮಾಡಿ, ದೂರದಿಂದ ಹತ್ತಿರ ಬರುವಂತೆ ತಿದ್ದಿಬಿಟ್ಟ. ಚೆಂದವೇನೋ ಹೌದು. ಆದರೆ ಅದು ಮುಸೋರ್ಗ್‌ಸ್ಕಿಯ ಗಾಡಿ ಅಲ್ಲ! ಮೂಲಕ್ಕೆ ಹತ್ತಿರದ ಮುದ್ರಣಕ್ಕೆ 1931ರವರೆಗೆ, ಸಂಪಾದಕ ಪಾವೆಲ್ ಲಾಮ್ ಕೂತು ಕೆಲಸ ಮಾಡುವವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಫ್ರಾನ್ಸಿನ ರಚನಕಾರ ರಾವೆಲ್ ಹಳೆಯ ಮುದ್ರಣ ಇಟ್ಟುಕೊಂಡೇ ಆರ್ಕೆಸ್ಟ್ರಾಗೆ ಹೊಂದಿಸಿ ಆಗಿತ್ತು. ಲೋಕಕ್ಕೆಲ್ಲ ಗೊತ್ತಿರುವುದು ಆ ದೂರದ ಗಾಡಿಯೇ.

ಈ ಕೆಲಸ ನಮಗೆ ಹೊಸದಲ್ಲ. ನಮ್ಮ ಹಳಗನ್ನಡ ಕಾವ್ಯಗಳ ಪುಟದ ಅಡಿಯಲ್ಲಿ ‘ಕ ಪ್ರತಿ, ಖ ಪ್ರತಿ’ ಅಂತ ಪಾಠಾಂತರ ಕೊಟ್ಟಿರುತ್ತಾರಲ್ವಾ, ಅದೇ ಇದು. ಓಲೆಗರಿಯ ಜಾಗದಲ್ಲಿ ಹಸ್ತಪ್ರತಿ, ಮೊದಲ ಮುದ್ರಣ, ರಚನಕಾರ ತಾನೇ ಪೆನ್ಸಿಲಿನಲ್ಲಿ ತಿದ್ದಿದ ಪ್ರತಿ. ಯಾವುದನ್ನು ಯಾಕೆ ಒಪ್ಪಿದೆ ಅಂತ ಹೇಳುವ ಟಿಪ್ಪಣಿಯೇ ಅದರ ಜೀವ. ಟಿಪ್ಪಣಿ ಇಲ್ಲದೆ ಬರೀ ‘ಉರ್‌ಟೆಕ್ಸ್ಟ್’, ಅಂದರೆ ಮೂಲಪಾಠ, ಅಂತ ರಟ್ಟಿನ ಮೇಲೆ ಅಚ್ಚು ಹಾಕಿದರೆ ನಾನಂತೂ ನಂಬುವುದಿಲ್ಲ.

ಮೆಟ್ನರ್‌ಗೆ ಒಂದು ಅದೃಷ್ಟವಿತ್ತು. ಆತ 1951ರಲ್ಲಿ ತೀರಿಕೊಂಡ ಮೇಲೆ ಹೆಂಡತಿ ಆನ್ನಾ ಹಸ್ತಪ್ರತಿಗಳನ್ನು ಹೊತ್ತು 1958ರಲ್ಲಿ ಮಾಸ್ಕೋಗೆ ಮರಳಿದರು. ಮರುವರ್ಷದಿಂದಲೇ ಸಮಗ್ರ ಕೃತಿಗಳು ಬರತೊಡಗಿ, 1963ರ ಹೊತ್ತಿಗೆ 12 ಸಂಪುಟ ಆದವು. ದೇಶ ಬಿಟ್ಟು ಹೋದವನ ಕೃತಿಗಳನ್ನು ಸೋವಿಯತ್ ಸರ್ಕಾರವೇ ಅಚ್ಚು ಹಾಕಿಸಿತು! ಅದೇ ಕಾಲದ ಇನ್ನೊಬ್ಬ ರಚನಕಾರ ರೊಸ್ಲಾವೆಟ್ಸ್‌ಗೆ ಅಂಥ ಭಾಗ್ಯ ಇರಲಿಲ್ಲ. ಮೂಲೆಗುಂಪಾಗಿ 1944ರಲ್ಲಿ ಸತ್ತ. ಉಳಿದ ಹಾಳೆಗಳನ್ನು ಮರಿನಾ ಲೊಬಾನೊವಾ ಒಟ್ಟುಗೂಡಿಸಿ, ಜರ್ಮನಿಯ ಶಾಟ್ ಪ್ರಕಾಶನಕ್ಕೆ ಸಂಪಾದಿಸಿ ಕೊಟ್ಟರು. ಅವರಿಲ್ಲದಿದ್ದರೆ ಆತನ ಎಷ್ಟೋ ಕೃತಿಗಳಿಗೆ ತಪ್ಪು ಸ್ವರ ನುಡಿಸುವುದಕ್ಕೂ ಪುಟ ಇರುತ್ತಿರಲಿಲ್ಲ.

ಒಡೆಯರಿಗೆ ಚಪ್ಪಾಳೆ ಹೊಡೆಯುವಾಗ ಪುಟ ಉಳಿಸಿ ತಿದ್ದಿಕೊಟ್ಟ ಇವರಿಗೂ ಒಂದೆರಡು ಹೊಡೆಯಿರಿ ಅನ್ನುವುದಷ್ಟೇ ನನ್ನ ತಕರಾರು.

ಅಂದಹಾಗೆ, ಕೊನೆಗೊಂದು ಒಳ್ಳೆಯ ಪ್ರತಿ ಸಿಕ್ಕಿತು. ನ್ಯಾಚುರಲ್ ಅಂತೆ. ಎರಡು ವಾರ ತಪ್ಪು ಮನೆ ಒತ್ತಿದ್ದೇನೆ. ಪಕ್ಕದ ಮನೆಯವರು ಪಾಪ, ಏನೂ ಅನ್ನಲಿಲ್ಲ.